ಹಿಂದಿನ ಸೀಟಿನ ಮಗಳು

ಕಾರು ಓಡಿಸುವ ಹೆಂಗಸನ್ನು ನೋಡಿ ಬಾಯಿ ಬಿಡುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿ. ಕೆರಗೋಡಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಗಾಡಿಯವನು ನನ್ನನ್ನೇ ನೋಡುತ್ತ ಹಗ್ಗ ಸಡಿಲ ಬಿಟ್ಟ. ಎತ್ತು ಗಾಡಿ ಎಲ್ಲ ಗದ್ದೆಗಿಳಿದ ಮೇಲೆ ದೂರು ಮಾತ್ರ ನನ್ನ ಮೇಲೆ ಹೇಳಿದ. ಮಾಡುವುದೇನು, ನಮ್ಮ ಯಜಮಾನರಿಗೆ ಕಣ್ಣು ಮಂದ. ಹತ್ತು ಮಾರು ಆಚೆ ನಿಂತದ್ದು ಎಮ್ಮೆಯೋ ಅಮಲ್ದಾರರೋ ತಿಳಿಯುವುದಿಲ್ಲ. ಕಾರು ತಂದ ಮೊದಲ ವಾರವೇ ಬಾವಿಕಟ್ಟೆಗೆ ಗುದ್ದಿದರು. ಕಾರಿನ ಜೊತೆ ಮೈಸೂರಿನಿಂದ ಬಂದಿದ್ದ ಡ್ರೈವರು ಒಂದು ತಿಂಗಳು ನಿಂತು ನನಗೆ ಕಲಿಸಿ ಹೋದ. ಊರಿನವರು ನಾಲ್ಕು ದಿನ ನಕ್ಕರು. ಐದನೆಯ ದಿನ ಬಾಣಂತಿಯೊಬ್ಬಳನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ನನ್ನ ಬಾಗಿಲಿಗೇ ಬಂದರು.

ಹನ್ನೊಂದು ವರ್ಷ ಆ ಕಾರು ಓಡಿಸಿದೆ. ಯುದ್ಧ ಶುರುವಾದ ವರ್ಷದ ಬೇಸಿಗೆಯಲ್ಲಿ, ಯುದ್ಧಕ್ಕೆ ಇನ್ನೂ ನಾಲ್ಕು ತಿಂಗಳಿದ್ದಾಗ, ಅದನ್ನು ಕೊಟ್ಟುಬಿಡುವ ಮಾತು ಬಂತು. ಮಂಡ್ಯದಲ್ಲಿ ಮರಿಸಿದ್ದಯ್ಯ ಎಂಬಾತ ಕಾರು ರಿಪೇರಿ ಅಂಗಡಿ ಇಟ್ಟಿದ್ದ. ನಮ್ಮ ಕಾರಿನದೇ ಹೊಸ ಮಾದರಿಯೊಂದನ್ನು ತರಿಸಿ ನಿಲ್ಲಿಸಿಕೊಂಡು, ಹಳೆಯದನ್ನು ನನಗೆ ಕೊಟ್ಟು ಇದನ್ನು ಒಯ್ಯಿರಿ ಎಂದು ನಮ್ಮ ಯಜಮಾನರ ಕಿವಿ ಊದಿದ. ಅವರು ತಲೆಯಾಡಿಸಿದರು. ನಾನು ಎರಡು ದಿನ ಊಟ ಬಿಟ್ಟೆ, ಪಾತ್ರೆ ಕುಕ್ಕಿದೆ, ಮಾತು ನಿಲ್ಲಿಸಿದೆ. ಕಾರಣ ಹೇಳು ಎಂದರೆ ಹೇಳುವಂತಿರಲಿಲ್ಲ. ಆ ಹಳೆಯ ಕಾರಿನಲ್ಲಿ ನನ್ನ ಮಗಳಿದ್ದಳು.

ಅವಳ ಹೆಸರು ಸಣ್ಣತಾಯಿ, ನನ್ನ ಒಬ್ಬಳೇ ಮಗಳು. ಏಳು ವರ್ಷದ ಹಿಂದೆ, ಒಂಬತ್ತು ತುಂಬಿದ್ದಾಗ, ಜ್ವರ ಬಂದು ಹೋದಳು. ಆಸ್ಪತ್ರೆಗೆಂದು ಹೊರಟಿದ್ದೆವು. ನಾನು ಕಾರು ಓಡಿಸುತ್ತಿದ್ದೆ, ಅವಳು ಹಿಂದಿನ ಸೀಟಿನಲ್ಲಿ ಅಪ್ಪನ ಮಡಿಲಲ್ಲಿ ಮಲಗಿದ್ದಳು. ಮಂಡ್ಯ ಇನ್ನೆರಡು ಮೈಲಿ ಇರುವಾಗ ಅವರು, "ನಿದಾನಕ್ಕೋಗು, ಇನ್ನ ಅವಸ್ರ ಇಲ್ಲ" ಎಂದರು. ನಾನು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಕಾರು ಕಾಲುವೆಗೆ ಬೀಳುತ್ತಿತ್ತು ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ನಿಜವೇನೆಂದರೆ ನನಗೆ ಧೈರ್ಯವಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದ ತಾಯಿ ಅಲ್ಲಿಂದ ಹೊರಡುವಾಗ ಹೆಸರು ಹಿಡಿದು ಕರೆಯಬೇಕು. ಮಗು ಕಂಕುಳಲ್ಲೇ ಇದ್ದರೂ ಕರೆಯಬೇಕು. ಇಲ್ಲದಿದ್ದರೆ ಮಗುವಿನ ಜೀವ ಅಲ್ಲೇ ಆಡುತ್ತ ಉಳಿದು ಬರೀ ಮೈ ಮನೆಗೆ ಬರುತ್ತದೆ ಎನ್ನುತ್ತಾರೆ. ಅವತ್ತು ಡಾಕ್ಟರು ನೋಡಿ ತಲೆಯಾಡಿಸಿದ ಮೇಲೆ, ಹೆಣವನ್ನು ಅದೇ ಕಾರಿನಲ್ಲಿ ಮಲಗಿಸಿಕೊಂಡು ಹಿಂದಕ್ಕೆ ಹೊರಟೆವು. ಎಂಜಿನ್ನು ಹೊತ್ತಿಸಲು ಮುಂದೆ ಹ್ಯಾಂಡಲು ತಿರುವಿ ಬಂದು ಕುಳಿತವಳು ರೂಢಿಯ ಮೇಲೆ ಕರೆದುಬಿಟ್ಟೆ. "ಸಣ್ಣತಾಯೀ, ಬಾರವ್ವ, ಮನೆಗೋಗವ." ಸತ್ತವರನ್ನು ಹಾಗೆ ಕರೆಯಬಾರದು. ಮನೆಗೆ ಬಂದ ಮೇಲೆ ವಿಷಯ ತಿಳಿದು ನಮ್ಮತ್ತೆ ಹಣೆ ಚಚ್ಚಿಕೊಂಡರು. ಕರೆದದ್ದು ಆಗಿಹೋಗಿತ್ತು.

ತಿಥಿ ಕಳೆದು ಕಾರು ಹೊರಗೆ ತೆಗೆದ ದಿನವೇ ನನ್ನ ಸೀಟಿನ ಬೆನ್ನಿಗೆ ಪುಟ್ಟ ಹಿಮ್ಮಡಿಗಳು ಬಡಿದವು. ಕೂತಲ್ಲಿ ಕಾಲು ಆಡಿಸುವುದು ಅವಳ ಚಾಳಿ. ಎಷ್ಟು ಗದರಿದರೂ ಬಿಟ್ಟವಳಲ್ಲ. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಊರ ಮುಂದೆ ಕಾರು ನಿಲ್ಲಿಸಿ ಕುಳಿತಿದ್ದೆ. ಮಾರನೆಯ ದಿನ ಬಡಿತ ಬರದೆ ಹೋದೀತೆಂದು ಅದಕ್ಕಿಂತ ಹೆಚ್ಚು ಭಯವಾಯಿತು. ಅಂದಿನಿಂದ ಏಳು ವರ್ಷ, ಎಲ್ಲಿಂದ ಹೊರಟರೂ, ತುಟಿ ಅಲುಗಿಸದೆ ಅವಳನ್ನು ಕರೆದೇ ಕಾರು ಬಿಡುತ್ತಿದ್ದೆ. ಈಗ ಕಾರು ಹೋದರೆ ಅವಳೂ ಹೋದಳು. ಮರಿಸಿದ್ದಯ್ಯ ಎಂಜಿನ್ನು ಬಿಚ್ಚಿ ಯಾವುದಾದರೂ ಆಲೆಮನೆಗೆ ಹಾಕುತ್ತಾನೆ, ಸೀಟು ಕಿತ್ತು ತಿಪ್ಪೆಗೆಸೆಯುತ್ತಾನೆ.

ಇಷ್ಟರಲ್ಲಿ ಬೆಳಕವಾಡಿಯಲ್ಲಿ ನಮ್ಮ ನಾದಿನಿಯ ಮಗನ ಮದುವೆ ಗೊತ್ತಾಯಿತು. ಆ ಹುಡುಗನಿಗೆ ಸಣ್ಣತಾಯಿಯನ್ನೇ ಕೊಡುವುದೆಂದು ಅವಳು ಹುಟ್ಟಿದ ದಿನವೇ ಮಾತಾಗಿತ್ತು. ನಾದಿನಿ ತೊಟ್ಟಿಲ ಹತ್ತಿರ ಬಂದು ಮಗುವಿನ ಹಣೆಗೆ ಕುಂಕುಮವಿಟ್ಟು, ಇದು ನನ್ನ ಸೊಸೆ ಎಂದಿದ್ದಳು. ಈಗ ಮಳವಳ್ಳಿಯಿಂದ ಮಲ್ಲಿಗಮ್ಮ ಎಂಬ ಹುಡುಗಿಯನ್ನು ತರುತ್ತಿದ್ದರು. ಹದಿನಾರು ವರ್ಷದವಳು, ತಾಯಿಯಿಲ್ಲ, ಅಜ್ಜಿ ಚಿಕ್ಕಬೋರಮ್ಮ ಸಾಕಿ ಬೆಳೆಸಿದ್ದು. ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಹಿಂದಿನ ದಿನವೇ ಹೆಣ್ಣನ್ನು ಕರೆತರಬೇಕು. ಉಳಿದವರೆಲ್ಲ ಎತ್ತಿನ ಗಾಡಿಯಲ್ಲಿ ಬರಲಿ, ಹೆಣ್ಣು ಮಾತ್ರ ಅತ್ತಿಗೆಯ ಕಾರಿನಲ್ಲಿ ಬರಬೇಕು ಎಂದು ನಾದಿನಿ ಹಟ ಹಿಡಿದಳು. ಯಜಮಾನರು ಸೋದರಮಾವನ ಕೆಲಸಗಳಿಗೆಂದು ಎರಡು ದಿನ ಮುಂಚೆ ಹೋದರು. ಹೋಗುವಾಗ, ಹಳೆಯ ಕಾರನ್ನು ಮರಿಸಿದ್ದಯ್ಯನ ಹತ್ತಿರ ಬಿಟ್ಟು ಹೊಸದರಲ್ಲಿ ಬಾ, ಓಡಿಸಿ ನೋಡಿದ ಹಾಗಾಗುತ್ತದೆ, ಮದುವೆ ಮುಗಿಸಿಕೊಂಡು ತೀರ್ಮಾನ ಮಾಡೋಣ ಎಂದರು.

ಬೆಳಿಗ್ಗೆ ಎಂಟಕ್ಕೆ ಮಂಡ್ಯ ಸೇರಿದೆ. ಹಳೆಯ ಕಾರಿನಿಂದ ಇಳಿಯುವಾಗ ಸೀಟಿನ ಬೆನ್ನು ಮುಟ್ಟಿ, ಇಲ್ಲೇ ಇರವ್ವ, ಮೂರು ದಿನಕ್ಕೆ ಬಂದುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿದೆ. ಮರಿಸಿದ್ದಯ್ಯ ಹೊಸದನ್ನು ಒರೆಸಿ ನಿಲ್ಲಿಸಿದ್ದ. ಅದೇ ಮೂತಿ, ಅದೇ ಬಾಗಿಲ ಹಿಡಿ. ಆದರೆ ಮೇಲೆ ಬಟ್ಟೆಯ ಬದಲು ತಗಡು, ಸುತ್ತ ಗಾಜು. ಹ್ಯಾಂಡಲು ತಿರುವುವಂತಿಲ್ಲ, ಗುಂಡಿ ಒತ್ತಿದರೆ ಸಾಕು. ಮುಂದಿನ ಗಾಜಿನ ನೆತ್ತಿಗೆ ಅಂಗೈ ಅಗಲದ ಕನ್ನಡಿ. ಹಳೆಯದಕ್ಕೆ ಅದಿರಲಿಲ್ಲ.

"ಇದ್ಯಾಕಪ್ಪ, ತಲೆ ಬಾಚ್ಕಳಕ್ಕಾ?" ಎಂದೆ.

"ಇಲ್ಲ ಕಣವ್ವಾರೆ, ತಿರುಗ್ದೆ ಇದ್ರೂವೆ ಇಂದ್ಗಡೆ ಇರೋರು ಕಾಣ್ತಾರೆ" ಎಂದ ಮರಿಸಿದ್ದಯ್ಯ.

ಅವನಿಗೇನು ಗೊತ್ತು. ನಾನು ಕೈಯೆತ್ತಿ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿಬಿಟ್ಟೆ.

ಮದ್ದೂರಿನ ರಸ್ತೆಗೆ ಬಿದ್ದೆ. ಕಾರು ಚೆನ್ನಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು. ಹಳೆಯದು ಎಡಕ್ಕೆ ಎಳೆಯುತ್ತಿತ್ತು. ಏಳೆಂಟು ವರ್ಷ ಅದನ್ನು ಬಲಕ್ಕೆ ಜಗ್ಗಿ ಜಗ್ಗಿ ನನ್ನ ತೋಳು ಹಾಗೇ ಆಗಿಹೋಗಿತ್ತು. ಇದು ಎಲ್ಲಿಗೂ ಎಳೆಯದು. ನನ್ನ ಕೈ ಸುಮ್ಮನೆ ಬಲಕ್ಕೆ ಜಗ್ಗಿ ಎರಡು ಸಲ ಕಾರು ರಸ್ತೆ ಬಿಟ್ಟು ಇಳಿಯಿತು. ಎಂಜಿನ್ನಿನ ಸದ್ದೇ ಇಲ್ಲ. ಗಾಜು ಏರಿಸಿದರೆ ಕಬ್ಬಿನ ಗದ್ದೆಗಳೆಲ್ಲ ದೂರದಲ್ಲೆಲ್ಲೋ ಇದ್ದಂತೆ. ಅಷ್ಟು ನಿಶ್ಶಬ್ದದಲ್ಲಿ ಮಂಡ್ಯದಿಂದ ನಾಲ್ಕು ಮೈಲಿ ದಾಟಿದ್ದೆ, ಹಿಂದೆ ಬಳೆ ಸದ್ದಾಯಿತು.

ಕಾಲು ಬಡಿದಿದ್ದರೆ ಅವಳೇ ಎಂದು ಗೊತ್ತಾಗುತ್ತಿತ್ತು. ಇದು ಹಾಗಲ್ಲ. ಸೀಟಿನ ಬೆನ್ನಿನ ಮೂಲಕ, ನನ್ನ ಸೊಂಟಕ್ಕಿಂತ ಒಂದು ಗೇಣು ಮೇಲೆ, ಎರಡು ಮಂಡಿ ಒತ್ತಿದವು. ಉದ್ದ ಕಾಲಿನವರು ಇಕ್ಕಟ್ಟಿನಲ್ಲಿ ಕೂತಾಗ ಮಂಡಿ ತಗಲುತ್ತದಲ್ಲ, ಆ ರೀತಿ. ನಾನು ಮಂಡ್ಯದಲ್ಲಿ ಯಾರನ್ನೂ ಕರೆದಿರಲಿಲ್ಲ. ಇದು ಯಾರದೋ ಏನೋ. ತಿರುಗಲಿಲ್ಲ. ಕನ್ನಡಿ ಮುಟ್ಟಲಿಲ್ಲ.

ಮದ್ದೂರಿನ ಪೇಟೆಯಲ್ಲಿ ಮದುವೆ ಹೆಣ್ಣಿಗೆ ಹೂವು ಕೊಳ್ಳಬೇಕಿತ್ತು. ಹೂವಿನವಳು ಬುಟ್ಟಿ ಹೊತ್ತು ಕಾರಿನ ಹತ್ತಿರವೇ ಬಂದಳು. ನನಗೆ ಒಂದು ಮೊಳ ಅಳೆದು ಕೊಟ್ಟು, ಇನ್ನೆರಡು ಮೊಳ ಅಳೆಯತೊಡಗಿದಳು.

"ನಾನಿನ್ನೂ ಕೇಳ್ನಿಲ್ವಲ್ಲ" ಎಂದೆ.

"ಮಗ್ಳಿಗೆ ಬ್ಯಾಡ್ವಾ ಅವ್ವಾರೆ? ಮದ್ವೆ ವಯಸ್ಸಿನ ಎಣ್ಣು, ಬರೀ ತಲೇಲಿ ಕೂರಿಸ್ಕಂಡು ಓಯ್ತಿದ್ದೀರಿ."

"ಯಾವ ಮಗಳು?"

"ಇನ್ಯಾವ ಮಗ್ಳು, ಇಂದ್ಗಡೆ ಕೂತವ್ಳಲ್ಲ. ಎಲ್ಗೆ ಕೊಟ್ಟಿದ್ದೀರಿ?"

ಎನ್ನುತ್ತಲೇ ಹೂವನ್ನು ಹಿಂದಿನ ಕಿಟಕಿಯಿಂದ ಒಳಗೆ ಚಾಚಿದಳು. ಖಾಲಿ ಕೈ ಹೊರಗೆ ಬಂತು. ಅವಳ ಮುಖದಲ್ಲಿ ಹೆದರಿಕೆ ಬೆರಗು ಏನೂ ಇರಲಿಲ್ಲ. "ನಿಮ್ಮಂಗೇ ಅವ್ಳೆ, ಅದೇ ಮೂಗು" ಎಂದು ಬುಟ್ಟಿ ಎತ್ತಿಕೊಂಡು ಮುಂದೆ ಹೋದಳು.

ಆಗ ನನಗೆ ಅರ್ಥವಾಯಿತು. ಹಳೆಯ ಕಾರಿನಲ್ಲಿ ಇದ್ದವಳಿಗೆ ಒಂಬತ್ತು ವರ್ಷ. ಇವಳಿಗೆ ಹದಿನಾರು. ಬದುಕಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು. ಹಳೆಯದರ ಬದಲು ಹೊಸದು ಬಂದ ಹಾಗೆ, ನನ್ನ ಮಗಳೂ ಬೆಳೆದು ಬಂದು ಕೂತಿದ್ದಳು. ಮದ್ದೂರಿನಿಂದ ಮಳವಳ್ಳಿಯವರೆಗೆ ಅಳುತ್ತಲೇ ಓಡಿಸಿದೆ. ಎದುರು ಬಂದ ಬಸ್ಸಿನವನು ಹೆಂಗಸು ಕಾರು ಓಡಿಸಲಾರದೆ ಅಳುತ್ತಿದ್ದಾಳೆ ಎಂದುಕೊಂಡನೋ ಏನೋ, ತಲೆ ಹೊರಗೆ ಹಾಕಿ ನಕ್ಕ. ನಗಲಿ ಮುಂಡೇಗಂಡ. ನನಗೆ ಅವತ್ತು ಇಡೀ ಲೋಕದ ಮೇಲೆ ಪ್ರೀತಿ ಬಂದಿತ್ತು, ಅವನ ಮೇಲೂ.

ಮಳವಳ್ಳಿಯಲ್ಲಿ ಹಿಂದಿನ ಬಾಗಿಲು ತೆರೆದಾಗ ಸೀಟಿನ ಮೇಲೆ ಏನೂ ಇರಲಿಲ್ಲ. ಹೂವೂ ಇರಲಿಲ್ಲ. ಮಲ್ಲಿಗಮ್ಮನನ್ನು ತಂದು ಕೂರಿಸಿದರು. ತಲೆ ತಗ್ಗಿಸಿದ ಸಣಕಲು ಹುಡುಗಿ, ಅತ್ತು ಅತ್ತು ರೆಪ್ಪೆ ಊದಿತ್ತು. ಪಕ್ಕದಲ್ಲಿ ಅಜ್ಜಿ ಚಿಕ್ಕಬೋರಮ್ಮ, ಎಲೆಯಡಿಕೆ ಚೀಲ ಎದೆಗವಚಿಕೊಂಡು ಹತ್ತಿದಳು. ಗಾಡಿಗಳು ಆಗಲೇ ಹೋಗಿದ್ದವು. ಬೀದಿಯ ಹೆಂಗಸರು ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣಿಟ್ಟು, ಹೊರಡಿ ಎಂದರು. ಸಣ್ಣತಾಯಿ ಇಲ್ಲೇ ಎಲ್ಲೋ ಇಳಿದು ಉಳಿದುಬಿಟ್ಟರೆ ಎಂದು ಹೆದರಿ, ಏಳು ವರ್ಷ ಮನಸ್ಸಿನಲ್ಲೇ ಹೇಳಿದ್ದನ್ನು ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಿದೆ.

"ಸಣ್ಣತಾಯೀ, ಬಾರವ್ವ, ಮನೆಗೋಗವ."

"ಬಂದೆ ಕಣವ್ವ" ಎಂದಳು ಮಲ್ಲಿಗಮ್ಮ.

ಸಣ್ಣತಾಯಿ ಎಂದದ್ದು ಮುದ್ದಿಗೆ ಎಂದುಕೊಂಡು ಬೀದಿಯವರು ನಕ್ಕರು. ಹೆಣ್ಣು ಆಗಲೇ ಗಂಡಿನ ಕಡೆಯವರನ್ನು ಅವ್ವ ಎನ್ನುತ್ತಿದ್ದಾಳೆ ಎಂದು ಯಾರೋ ಹಾಸ್ಯ ಮಾಡಿದರು. ನಾನು ಗುಂಡಿ ಒತ್ತಿ ಕಾರು ಬಿಟ್ಟೆ. ಊರು ದಾಟಿದ ಮೇಲೆ ಕೈಯೆತ್ತಿ ಕನ್ನಡಿಯನ್ನು ಸರಿ ಮಾಡಿದೆ. ಮುಖ ಮಲ್ಲಿಗಮ್ಮನದೇ. ಆದರೆ ತಗ್ಗಿಸಿದ್ದ ತಲೆ ಮೇಲೆದ್ದಿತ್ತು. ಕಣ್ಣು ಮಿಟುಕಿಸದೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಮಂಡಿಗಳು ಬೆನ್ನಿಗೆ ಒತ್ತಿದವು.

"ಈ ಕಾರು ಸಬ್ದಾನೇ ಮಾಡಾಕಿಲ್ವಲ್ಲವ್ವ" ಎಂದಳು.

"ಒಸದು ಕಣ್ ಮಗ."

"ಅವತ್ತೂ ಇಂಗೇ ಬಿಸ್ಲಿತ್ತು. ಅಪ್ಪನ ಮಡ್ಲಾಗೆ ಮನ್ಗಿದ್ದೆ. ನಿನ್ ತುರುಬು ಕಾಣ್ತಿತ್ತು, ಮಕ ಕಾಣ್ತಿರ್ನಿಲ್ಲ. ಈಗ ತಿರುಗ್ತಾಳೆ, ಈಗ ತಿರುಗ್ತಾಳೆ ಅಂತ ನೋಡ್ತಾನೇ ಇದ್ದೆ."

ಅವತ್ತು ಆ ಕಾರಿನೊಳಗೆ ಇದ್ದವರು ಮೂರೇ ಜನ, ಅದರಲ್ಲಿ ಒಬ್ಬಳು ಸತ್ತಿದ್ದಳು. ಚಿಕ್ಕಬೋರಮ್ಮ ಮೊಮ್ಮಗಳ ತೋಳು ಹಿಡಿದು, "ಏನ್ ಮಾತಾಡ್ತಿದ್ದೀಯೆ ಮಲ್ಲಿ, ಯಾವಪ್ಪ?" ಎಂದಳು. ಹುಡುಗಿ ಅವಳತ್ತ ತಿರುಗಲೂ ಇಲ್ಲ. ಯಾರೋ ದಾರಿಹೋಕಳ ಕೈ ಬಿಡಿಸಿಕೊಂಡಂತೆ ಮೆಲ್ಲಗೆ ತೋಳು ಬಿಡಿಸಿಕೊಂಡಳು.

ಸುಳ್ಳು ಹೇಳುವುದಿಲ್ಲ, ಆಗ ನನ್ನ ತಲೆಯಲ್ಲಿ ಬಂದದ್ದನ್ನು ಹೇಳಿಬಿಡುತ್ತೇನೆ. ಈ ಹುಡುಗಿಗೆ ತಾಯಿಯಿಲ್ಲ, ನನಗೆ ಮಗಳಿಲ್ಲ. ಇಳಿಸಿದರೆ ತಾನೇ ಹೋಗುವುದು? ಇಳಿಸುವುದೇ ಬೇಡ. ಬೆಳಕವಾಡಿ ಬಂತು. ಬೀದಿಗೆ ಅಡ್ಡವಾಗಿ ಚಪ್ಪರ, ಓಲಗದವರು ಎದ್ದು ನಿಂತರು, ನಾದಿನಿ ಆರತಿ ತಟ್ಟೆ ಹಿಡಿದು ಹೆಂಗಸರ ಮುಂದೆ ಬಂದಳು. ನಮ್ಮ ಯಜಮಾನರು ಕಣ್ಣು ಕಿರಿದು ಮಾಡಿಕೊಂಡು, ಬರುತ್ತಿರುವುದು ಯಾವ ಕಾರೋ ಎಂದು ನೋಡುತ್ತ ಕೈಯೆತ್ತಿದರು. ನನ್ನ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಚಪ್ಪರದ ಪಕ್ಕದ ಓಣಿಗೆ ತಿರುಗಿಸಿ, ಕೋಳಿಗಳನ್ನು ಚೆದುರಿಸಿ, ಊರಾಚೆ ಶಿವನಸಮುದ್ರದ ರಸ್ತೆಗೆ ಹೊಡೆದೆ. ಓಲಗದ ಸದ್ದು ಹಿಂದೆ ಉಳಿಯಿತು.

ಚಿಕ್ಕಬೋರಮ್ಮ ಮೊದಲು ಬೈದಳು. "ಎಲ್ಲಿಗ್ ಓಯ್ತಿದ್ದೀಯೆ, ಊರು ಇಂದ್ಕಾಯ್ತು" ಎಂದು ನನ್ನ ಭುಜ ಗುದ್ದಿದಳು. ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿ ನೋಡಿದಳು. ಏನು ಕಂಡಳೋ, ಬೈಗುಳ ನಿಂತೇಹೋಯಿತು. ಮುದುಕಿ ಅಳಲಿಲ್ಲ, ಕೂಗಲಿಲ್ಲ. ಬಹಳ ತಗ್ಗಿದ ದನಿಯಲ್ಲಿ ಕರೆಯತೊಡಗಿದಳು.

"ಮಲ್ಲೀ, ಬಾರವ್ವ. ಮನೆಗೋಗವ. ಬಾರವ್ವ ಮಲ್ಲಿ."

ಎರಡನೆಯ ಸಲ ಕರೆದಳು, ಮೂರನೆಯ ಸಲ ಕರೆದಳು. ಹುಡುಗಿ ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಇದ್ದಳು. ಮುದುಕಿ ನಿಲ್ಲಿಸಲಿಲ್ಲ. ಎಷ್ಟು ಸಲ ಕರೆದರೂ ಮಗು ತಿರುಗದಿದ್ದರೆ ತಾಯಿಯ ಗಂಟಲಲ್ಲಿ ಏನಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರಿದ್ದಾರೆ. ಅದನ್ನು ನಾನು ಇನ್ನೊಬ್ಬಳಿಗೆ ಮಾಡುತ್ತಿದ್ದೆ. ರಸ್ತೆ ಪಕ್ಕದ ಹೊಂಗೆ ಮರದಡಿ ಕಾರು ನಿಲ್ಲಿಸಿದೆ. ಎಂಜಿನ್ನು ಆರಿಸಿ, ತಿರುಗಿ ಕುಳಿತು ನೋಡಿದೆ.

ಬರೀ ನೋಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವಳೂ ನೋಡಿದಳು. ಮೂಗು ನನ್ನದಲ್ಲ, ಬಣ್ಣ ನನ್ನದಲ್ಲ, ಆದರೆ ನೋಡುತ್ತಿದ್ದವಳು ನನ್ನ ಮಗಳೇ.

"ಯಾಕವ್ವ ಇಷ್ಟು ವರ್ಸ ಬಂದೆ?" ಎಂದು ಕೇಳಿದೆ.

"ನೀನು ಕರೀತಿದ್ದಲ್ಲ. ಕರುದ್ರೆ ಬರ್ದೆ ಇರಾಕಾದದಾ? ಬೇರೆ ಎಲ್ಗೂ ಓಗಾಕಾಗ್ನಿಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ದಣಿವಿತ್ತು. ಏಳು ವರ್ಷ ನಾನು ಅವಳನ್ನು ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಹಿಡಿದು ಹಾಕಿಕೊಂಡಿದ್ದೆ. ನನಗೆ ನನ್ನ ಮೇಲೆ ಅಸಹ್ಯ ಬಂತು. ಆದರೂ ಹೇಳಲೇಬೇಕಾಗಿತ್ತು, ನಾನಲ್ಲದೆ ಬೇರೆ ಯಾರೂ ಹೇಳುವಂತಿರಲಿಲ್ಲ.

"ಇನ್ನ ಕರೆಯಾಕಿಲ್ಲ ಕಣ್ ಮಗ. ಆ ಉಡ್ಗಿನ ಅವ್ಳ ಅಜ್ಜಿಗೆ ಬುಟ್ಬುಡು. ನೀನು ಓಗವ್ವ."

"ನೀನು ಒಬ್ಳೇ ಆಯ್ತೀಯಲ್ಲ."

"ಆಯ್ತೀನಿ. ಆದ್ರಾಗ್ಲಿ. ಓಗು."

ಅವಳು ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಮಂಡಿಗಳು ಸೀಟಿನಿಂದ ಸರಿದವು. ಬಾಗಿಲು ಯಾರೂ ತೆಗೆಯಲಿಲ್ಲ, ಆದರೆ ಯಾರೋ ಇಳಿದರೆ ಕಾರು ಹಗುರಾಗಿ ಮೇಲೇಳುತ್ತದಲ್ಲ, ಹಾಗೆ ಎದ್ದಿತು. ಮಲ್ಲಿಗಮ್ಮ ಕಣ್ಣುಜ್ಜಿಕೊಂಡು ಸುತ್ತ ನೋಡಿ, "ಯಾಕಜ್ಜಿ, ಇಲ್ಯಾಕೆ ನಿಂತ್ಕಂಡೀವಿ?" ಎಂದಳು. ಚಿಕ್ಕಬೋರಮ್ಮ ಅವಳನ್ನು ಎದೆಗೆ ಒತ್ತಿಕೊಂಡಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಬೆಳಕವಾಡಿಯಲ್ಲೂ ಯಾರಿಗೂ ಹೇಳಲಿಲ್ಲ. ಆ ಮುದುಕಿಗೆ ನಾನು ಸಾಯುವತನಕ ಋಣಿ.

ಚಪ್ಪರದ ಮುಂದೆ ಇಳಿಸಿದಾಗ ನಾದಿನಿ ಮುಖ ಊದಿಸಿಕೊಂಡಿದ್ದಳು. ಹೊಸ ಕಾರು, ಬ್ರೇಕು ಎಲ್ಲಿದೆ ಎಂದು ಗೊತ್ತಾಗಲಿಲ್ಲ ಎಂದೆ. ಗಂಡಸರು ನಕ್ಕರು. ನಗಲಿ ಎಂದು ಬಿಟ್ಟೆ. ಮಾರನೆಯ ದಿನ ಧಾರೆಯಾಯಿತು. ನಾನು ಅಕ್ಷತೆ ಹಾಕಿದೆ, ಬಡಿಸಿದೆ, ಎಲೆ ಎತ್ತಿದೆ. ಮಾತು ಕಡಿಮೆಯಾಗಿದ್ದನ್ನು ನೋಡಿ ಕೆಲವರಿಗೆ ಸಮಾಧಾನವೇ ಆಯಿತು.

ಮೂರನೆಯ ದಿನ ನಾನೂ ಯಜಮಾನರೂ ಮಂಡ್ಯಕ್ಕೆ ವಾಪಸು ಬಂದೆವು. ಕಾರು ಎಷ್ಟು ಬೇಕಾದರೂ ಬದಲಾಯಿಸಿಕೊಳ್ಳಲಿ, ನನಗಿನ್ನು ಎರಡೂ ಒಂದೇ ಎಂದು ಅವರಿಗೆ ಹೇಳುವುದೆಂದುಕೊಂಡಿದ್ದೆ. ಮರಿಸಿದ್ದಯ್ಯ ಕೈಯೊರೆಸಿಕೊಂಡು ಎದುರಿಗೆ ಬಂದ.

"ಒಸದು ಬ್ಯಾಡ ಕಣಪ್ಪ" ಎಂದರು ಯಜಮಾನರು. "ನಮ್ದೇ ನಮಗೆ ಕೊಡು."

ನನಗೆ ತಲೆ ಬುಡ ತಿಳಿಯಲಿಲ್ಲ. ಮರಿಸಿದ್ದಯ್ಯ ಗೊಣಗುತ್ತ ಒಳಗೆ ಹೋದ. ಅವರು ಹಳೆಯ ಕಾರಿನ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಅಂಗೈಯಾಡಿಸುತ್ತ ನಿಂತರು.

"ನಿಂಗೆ ಯೋಳ್ನಿಲ್ಲ" ಎಂದರು. "ಎದ್ರುಕತ್ತೀಯ ಅಂತ. ನಾನು ಇಲ್ಲಿ ಕೂತಾಗೆಲ್ಲ ಮಗ ಬಂದು ಮಡ್ಲಾಗೆ ಮನೀಕತ್ತದೆ. ಅದೇ ಭಾರ. ಏಳು ವರ್ಸ ಆಯ್ತು. ಸೈಸಾಕಾಗ್ದೆ ಕಾರೇ ಕೊಟ್ಬುಡವ ಅಂದೆ. ಮೊನ್ನೆ ಅವ್ಳ ಜಾಗ್ದಲ್ಲಿ ಇನ್ನೊಂದು ಎಣ್ಣು ಕೂತಿದ್ದು ನೋಡ್ದೆ ನೋಡು, ಮನ್ಸು ಬರ್ನಿಲ್ಲ. ಇರ್ಲಿ ಬುಡು, ನಾವಿರೋಗಂಟ ನಮ್ ಜತೇಲೇ ಇರ್ಲಿ."

ಅಂಗಡಿಯ ಮುಂದೆ ಜನ ಓಡಾಡುತ್ತಿದ್ದರು. ನಾನು ಅವರ ಕೈ ಹಿಡಿದು ಸೀಟಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು, ಎಲ್ಲ ಹೇಳಿದೆ. ಆಸ್ಪತ್ರೆಯ ಮುಂದೆ ಕರೆದ ಹಾಗೇ ಏಳು ವರ್ಷ ಮನಸ್ಸಿನಲ್ಲಿ ಕರೆದದ್ದು, ಕಾಲು ಬಡಿಯುತ್ತಿದ್ದದ್ದು, ಹೂವಿನವಳು, ಹೊಂಗೆಮರ. ಹೋಗು ಎಂದು ನಾನೇ ಕಳಿಸಿಬಿಟ್ಟೆ ಎಂದೆ. ಅವರು ಮಡಿಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಏನಾದರೂ ತಗಲೀತೋ ಎಂದು ಕಾಯುತ್ತಿದ್ದರೆಂದು ಕಾಣುತ್ತದೆ. ಆಮೇಲೆ ತಲೆ ಎತ್ತದೆ ಹೇಳಿದರು.

"ನನ್ನೂ ಒಂದ್ ಮಾತು ಕೇಳ್ಬೌದಾಗಿತ್ತು ಕಣೆ. ನಾನು ಮಗೀಗೆ ಏನೂ ಯೋಳ್ದೇ ಓಗ್ಬುಡ್ತು."

ಜಗಳವಾಡುವುದರಲ್ಲಿ ನನ್ನನ್ನು ಕೆರಗೋಡಿನಲ್ಲಿ ಮೀರಿಸಿದವರಿಲ್ಲ. ಅವತ್ತು ಮಾತ್ರ ಆ ಸೀಟಿನಲ್ಲಿ ಅವರ ಪಕ್ಕ ಕುಳಿತು, ಅವರ ಖಾಲಿ ಮಡಿಲಿನ ಮೇಲೆ ನನ್ನ ಕೈಯನ್ನೂ ಇಟ್ಟೆ.